ನೀರಿನಲ್ಲಿ ಬೆಳಕು ಎಷ್ಟು ಬಾಗುತ್ತದೆ? ಮನೆಯಲ್ಲೇ ಅಳೆದು ನೋಡುವ ಬಗೆ

ಬೋಗುಣಿಯ ತಳದಲ್ಲಿ ಮರೆಯಾಗಿದ್ದ ನಾಣ್ಯ ನೀರು ಸುರಿದೊಡನೆ ಕಣ್ಣಿಗೆ ಬೀಳುವ ಪ್ರಯೋಗವನ್ನು ಶಾಲೆಯ ಪಠ್ಯದಲ್ಲಿ ಓದಿದವರು ಬಹಳ ಮಂದಿ, ಮಾಡಿ ನೋಡಿದವರು ಕೆಲವರು, ಅಳೆದು ನೋಡಿದವರು ತೀರ ಕಡಿಮೆ. ಮಕ್ಕಳ ಮುಂದೆ ಇದನ್ನು ಮಾಡಿ ತೋರಿಸಿದಾಗ ಅವರು ಚಪ್ಪಾಳೆ ತಟ್ಟುತ್ತಾರೆ, ನಾವು ‘ಇದಕ್ಕೆ ವಕ್ರೀಭವನ ಎನ್ನುತ್ತಾರೆ’ ಎಂದು ಹೇಳುತ್ತೇವೆ, ಅಲ್ಲಿಗೆ ಪಾಠ ಮುಗಿಯುತ್ತದೆ. ಆದರೆ ಅದೇ ನಾಣ್ಯ, ಅದೇ ನೀರು, ಜೊತೆಗೆ ಒಂದು ಅಳತೆಪಟ್ಟಿ ಇದ್ದರೆ ನೀರು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದನ್ನು ಅಡುಗೆಮನೆಯ ಮೇಜಿನ ಮೇಲೆಯೇ ಸಂಖ್ಯೆಯಾಗಿ ಪಡೆಯಬಹುದು. ಪುಸ್ತಕದಲ್ಲಿ 1.33 ಎಂದು ಅಚ್ಚಾಗಿರುವ ಆ ಸಂಖ್ಯೆಯನ್ನು ಹನ್ನೆರಡು ವರ್ಷದ ಹುಡುಗಿಯೊಬ್ಬಳು ತನ್ನ ಕೈಯಾರೆ ಕಂಡುಕೊಳ್ಳುವುದಕ್ಕೂ ಅದನ್ನು ಬಾಯಿಪಾಠ ಮಾಡುವುದಕ್ಕೂ ಇರುವ ಅಂತರ ಬಹಳ ದೊಡ್ಡದು ಎಂಬ ನಂಬಿಕೆಯಿಂದಲೇ ಈ ಬರಹವನ್ನು ಬರೆಯುತ್ತಿದ್ದೇನೆ.

ನಾಣ್ಯವನ್ನು ಕಾಣಿಸುವುದು

ಮೊದಲು ಕಾಣಿಸುವ ಕೆಲಸ, ಆಮೇಲೆ ಅಳೆಯುವ ಕೆಲಸ. ಇದಕ್ಕೆ ಅಂಚು ನೇರವಾಗಿರುವ ಒಂದು ಸ್ಟೀಲ್ ಬೋಗುಣಿ, ಒಂದು ನಾಣ್ಯ, ಚಪಾತಿ ಹಿಟ್ಟಿನ ಗುಲಗಂಜಿಯಷ್ಟು ಉಂಡೆ ಮತ್ತು ಒಂದು ಚೊಂಬು ನೀರು ಸಾಕು. ಬೋಗುಣಿಯ ತಳದ ನಡುವೆ ಹಿಟ್ಟಿನಿಂದ ನಾಣ್ಯವನ್ನು ಅಂಟಿಸಬೇಕು. ಹಿಟ್ಟನ್ನು ಬಿಟ್ಟರೆ ನೀರು ಸುರಿಯುವಾಗ ನಾಣ್ಯ ಜಾರುತ್ತದೆ, ಆಗ ಅದು ಕಾಣಿಸಿದ್ದು ಬೆಳಕು ಬಾಗಿದ್ದರಿಂದಲೋ ನಾಣ್ಯವೇ ಸರಿದದ್ದರಿಂದಲೋ ಎಂಬ ಅನುಮಾನ ಉಳಿದುಬಿಡುತ್ತದೆ. ನೋಡುವವರು ಕುರ್ಚಿಯಲ್ಲಿ ಕುಳಿತು, ಮೇಜಿನ ಮೇಲೆ ಪುಸ್ತಕಗಳನ್ನು ಪೇರಿಸಿ ಅದರ ಮೇಲೆ ಗಲ್ಲವನ್ನು ಊರಬೇಕು. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ ನಾಣ್ಯವನ್ನು ನೋಡುತ್ತಿರಬೇಕು. ಮತ್ತೊಬ್ಬರು ಬೋಗುಣಿಯನ್ನು ನಿಧಾನವಾಗಿ ದೂರ ಸರಿಸುತ್ತ ಹೋದರೆ ಹತ್ತಿರದ ಅಂಚು ನಾಣ್ಯವನ್ನು ಮೆಲ್ಲಗೆ ನುಂಗುತ್ತ ಬರುತ್ತದೆ. ನಾಣ್ಯದ ಕೊನೆಯ ಹೊಳಪೂ ಮರೆಯಾದ ಆ ಗಳಿಗೆಯಲ್ಲಿ ಬೋಗುಣಿಯನ್ನು ನಿಲ್ಲಿಸಿ, ಒಳಗೋಡೆಗೆ ತಾಗಿಸಿ ಹಿಡಿದ ಚಮಚದ ಮೇಲಿಂದ ಸಣ್ಣ ಧಾರೆಯಾಗಿ ನೀರು ಬಿಡಬೇಕು. ನೀರಿನ ಮಟ್ಟ ಏರಿದಂತೆ ನಾಣ್ಯದ ಆಚೆಯ ಅಂಚು ಮೊದಲು ಕಾಣಿಸಿಕೊಂಡು, ಕೊನೆಗೆ ಇಡೀ ನಾಣ್ಯ ತೇಲಿಬಂದಂತೆ ತೋರುತ್ತದೆ. ನೋಡುವವರ ತಲೆ ಅಲುಗಾಡದಿರುವುದು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಈ ಪ್ರಯೋಗ ಕೆಟ್ಟರೆ ಹತ್ತರಲ್ಲಿ ಒಂಬತ್ತು ಸಲ ಕೆಡುವುದು ತಲೆಯನ್ನು ತಿಳಿಯದೆ ಮೇಲೆತ್ತುವುದರಿಂದ.

ನಡೆದದ್ದು ಇಷ್ಟು. ನಾಣ್ಯದಿಂದ ಹೊರಟ ಬೆಳಕು ಖಾಲಿ ಬೋಗುಣಿಯಲ್ಲಿ ನೇರವಾಗಿ ಸಾಗುವುದರಿಂದ, ನಮ್ಮ ಕಣ್ಣಿನತ್ತ ಬರಬೇಕಾಗಿದ್ದ ಕಿರಣಗಳನ್ನು ಬೋಗುಣಿಯ ಅಂಚು ತಡೆದಿತ್ತು. ನೀರು ತುಂಬಿದ ಮೇಲೆ, ಅಂಚಿನ ಮೇಲುಗಡೆಯಿಂದ ದಾಟಿ ನಮ್ಮ ತಲೆಯ ಮೇಲೆ ಹಾದುಹೋಗಬೇಕಾಗಿದ್ದ ಬೇರೆ ಕಿರಣಗಳು ನೀರಿನಿಂದ ಗಾಳಿಗೆ ಬರುವ ಮೇಲ್ಮೈಯಲ್ಲಿ ಮಟ್ಟಸದ ಕಡೆಗೆ ಬಾಗಿ, ಕಣ್ಣಿಗೆ ಬಂದು ತಲುಪುತ್ತವೆ. ಬೆಳಕು ದಾರಿಯಲ್ಲಿ ಬಾಗಿ ಬಂದಿದೆ ಎಂಬುದು ಕಣ್ಣಿಗೆ ಗೊತ್ತಾಗುವುದಿಲ್ಲ; ಬಂದ ದಿಕ್ಕಿನಲ್ಲೇ ಹಿಂದಕ್ಕೆ ನೇರ ಗೆರೆ ಎಳೆದುಕೊಂಡು ನಾಣ್ಯ ಅಲ್ಲೇ ಇದೆ ಎಂದು ಅದು ತೀರ್ಮಾನಿಸುವುದರಿಂದ, ತಳವೇ ಮೇಲೆದ್ದಂತೆ ಕಾಣುತ್ತದೆ. ಕಲ್ಯಾಣಿಯ ಮೆಟ್ಟಿಲು, ಕೆರೆಯ ಅಂಚು, ಈಜುಕೊಳ ಇವೆಲ್ಲ ಇರುವುದಕ್ಕಿಂತ ಕಡಿಮೆ ಆಳವಾಗಿ ಕಾಣುವುದು ಇದೇ ಕಾರಣದಿಂದ. ‘ಸೊಂಟದವರೆಗೆ ಮಾತ್ರ ನೀರಿದೆ’ ಎಂದು ದಡದಿಂದ ಅಂದಾಜು ಮಾಡಿ ಇಳಿಯುವುದು ಅಪಾಯ ಎಂಬುದನ್ನು ಮಕ್ಕಳಿಗೆ ಹೇಳಲು ಈ ಬೋಗುಣಿಯ ಮುಂದಿನ ಹೊತ್ತಿಗಿಂತ ಒಳ್ಳೆಯ ಹೊತ್ತು ಸಿಗಲಾರದು.

ಎಷ್ಟು ಮೇಲೆದ್ದಿತು ಎಂದು ಅಳೆಯುವುದು

ಈಗ ಅಳತೆಗೆ ಬರೋಣ. ಒಂದೇ ಬಗೆಯ, ಬಾಯಿ ಅಗಲವಾದ, ಹದಿನಾಲ್ಕು ಹದಿನೈದು ಸೆಂಟಿಮೀಟರ್ ಎತ್ತರದ ಎರಡು ಡಬ್ಬಿಗಳನ್ನು ತೆಗೆದುಕೊಳ್ಳಿ. ಉಪ್ಪಿನಕಾಯಿಯ ಅಥವಾ ಬಿಸ್ಕತ್ತಿನ ಪಾರದರ್ಶಕ ಡಬ್ಬಿಗಳಾದರೆ ನೀರಿನ ಮಟ್ಟವನ್ನು ಹೊರಗಿನಿಂದಲೇ ನೋಡಬಹುದು. ಒಂದೇ ಮೌಲ್ಯದ, ಒಂದೇ ಅಚ್ಚಿನ ಎರಡು ನಾಣ್ಯಗಳು ಬೇಕು. ಒಂದನ್ನು ಮೊದಲ ಡಬ್ಬಿಯ ತಳದಲ್ಲಿಟ್ಟು, ನಾಣ್ಯದ ಮೇಲ್ಮೈಯಿಂದ ಸರಿಯಾಗಿ 12 ಸೆಂಟಿಮೀಟರ್ ಎತ್ತರಕ್ಕೆ ನೀರು ತುಂಬಿ. ಎರಡನೆಯ ಡಬ್ಬಿ ಖಾಲಿಯೇ ಇರಲಿ; ಅದರಲ್ಲಿ ಇನ್ನೊಂದು ನಾಣ್ಯವನ್ನಿಟ್ಟು ಎರಡನ್ನೂ ತಾಗಿಸಿ ನಿಲ್ಲಿಸಿ. ಈಗ ಎದ್ದು ನಿಂತು, ಮೂಗು ಎರಡು ಡಬ್ಬಿಗಳ ನಡುವಿನ ಗೆರೆಯ ಮೇಲೆ ಬರುವಂತೆ ಬಗ್ಗಿ, ಒಂದು ಮೊಳ ಎತ್ತರದಿಂದ ನೇರ ಕೆಳಗೆ ನೋಡಿದರೆ ನೀರಿನಲ್ಲಿರುವ ನಾಣ್ಯ ಹತ್ತಿರವಾಗಿಯೂ ತುಸು ದೊಡ್ಡದಾಗಿಯೂ ಕಾಣುತ್ತದೆ.

ಖಾಲಿ ಡಬ್ಬಿಯ ನಾಣ್ಯದ ಕೆಳಗೆ ಕೇರಂ ಬಿಲ್ಲೆಗಳನ್ನು ಒಂದೊಂದಾಗಿ ಪೇರಿಸುತ್ತ, ಅದು ನೀರಿನ ನಾಣ್ಯದಷ್ಟೇ ಆಳದಲ್ಲಿ ಕಾಣುವವರೆಗೆ ಎತ್ತರಿಸುವುದೇ ಪ್ರಯೋಗದ ತಿರುಳು. ಬಿಲ್ಲೆಯ ದಪ್ಪಕ್ಕಿಂತ ಸಣ್ಣ ಏರುಪೇರಿಗೆ ನೋಟ್‌ಬುಕ್ಕಿನ ರಟ್ಟನ್ನು ದುಂಡಗೆ ಕತ್ತರಿಸಿಕೊಳ್ಳಬಹುದು. ಎರಡೂ ಒಂದೇ ಆಳದಲ್ಲಿವೆ ಎಂದು ನಿರ್ಧರಿಸಲು ಎರಡು ಗುರುತುಗಳಿವೆ. ಮೊದಲನೆಯದಾಗಿ, ನಾಣ್ಯಗಳು ಒಂದೇ ಗಾತ್ರವಾಗಿ ಕಾಣಬೇಕು. ಎರಡನೆಯದು ಇದಕ್ಕಿಂತ ನಂಬಿಕೆಗೆ ಅರ್ಹವಾದದ್ದು: ತಲೆಯನ್ನು ನಾಲ್ಕು ಬೆರಳಿನಷ್ಟು ಎಡಕ್ಕೂ ಬಲಕ್ಕೂ ಆಡಿಸಿದಾಗ, ಡಬ್ಬಿಯ ಬಾಯಿಗೆ ಹೋಲಿಸಿದರೆ ನಾಣ್ಯಗಳು ಸರಿದಂತೆ ಕಾಣುತ್ತವೆ, ಹೆಚ್ಚು ಆಳದಲ್ಲಿರುವುದು ಹೆಚ್ಚು ಸರಿಯುತ್ತದೆ, ಮೇಲಿರುವುದು ಕಡಿಮೆ ಸರಿಯುತ್ತದೆ, ಎರಡೂ ಒಂದೇ ಹೆಜ್ಜೆಯಲ್ಲಿ ಸರಿದರೆ ಆಳ ಒಂದೇ ಎಂದು ತಿಳಿಯಬೇಕು. ಬಸ್ಸಿನ ಕಿಟಕಿಯಲ್ಲಿ ಹತ್ತಿರದ ಮರ ಓಡಿ, ದೂರದ ಬೆಟ್ಟ ಜೊತೆಯಲ್ಲೇ ಬರುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ.

ಹೊಂದಿಕೆಯಾದ ಮೇಲೆ ಬಿಲ್ಲೆ ಮತ್ತು ರಟ್ಟುಗಳ ಕಟ್ಟನ್ನು ಹೊರತೆಗೆದು ಅದರ ಎತ್ತರವನ್ನು ಅಳೆಯಿರಿ. ಅದು 3 ಸೆಂಟಿಮೀಟರ್ ಇದ್ದರೆ, 12 ಸೆಂಟಿಮೀಟರ್ ಆಳದ ನಾಣ್ಯ 9 ಸೆಂಟಿಮೀಟರ್ ಆಳದಲ್ಲಿದ್ದಂತೆ ಕಂಡಿತು ಎಂದರ್ಥ. ನಿಜವಾದ ಆಳವನ್ನು ತೋರಿಕೆಯ ಆಳದಿಂದ ಭಾಗಿಸಿದಾಗ ಬರುವ 1.33 ಎಂಬುದೇ ನೀರಿನ ವಕ್ರೀಭವನ ಸೂಚ್ಯಂಕ. ನಿಜವಾದ ಆಳವನ್ನು ಮೂರರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ನೀರಿನ ತೋರಿಕೆಯ ಆಳ ಸಿಗುತ್ತದೆ ಎಂದು ನೆನಪಿಟ್ಟುಕೊಂಡರೆ ಬಾವಿಗೂ ಬಕೆಟ್ಟಿಗೂ ಅದೇ ಲೆಕ್ಕ ಹೊಂದುತ್ತದೆ.

ಒಂದೇ ಸಲದ ಅಳತೆಯನ್ನು ನಂಬಬಾರದು. ಪ್ರತಿ ಸಲವೂ ಕಟ್ಟನ್ನು ಪೂರ್ತಿ ತೆಗೆದು, ಹೊಸದಾಗಿ ಪೇರಿಸಿ, ಸಾಧ್ಯವಾದರೆ ಬೇರೆ ಬೇರೆಯವರ ಕಣ್ಣಿನಿಂದ ಐದು ಸಲವಾದರೂ ಅಳೆಯಬೇಕು. ತೋರಿಕೆಯ ಆಳ 9.2, 8.9, 9.1, 9.3 ಮತ್ತು 8.8 ಸೆಂಟಿಮೀಟರ್ ಬಂದಿತೆಂದು ಇಟ್ಟುಕೊಳ್ಳೋಣ. ಸರಾಸರಿ 9.06 ಆಗುತ್ತದೆ, ಸೂಚ್ಯಂಕ 1.32 ಬರುತ್ತದೆ. ಕೇವಲ ಎರಡು ಮಿಲಿಮೀಟರ್ ತಪ್ಪಿದರೂ ಉತ್ತರ 1.30ರಿಂದ 1.36ರವರೆಗೆ ಓಲಾಡುತ್ತದೆ ಎಂಬುದನ್ನು ಮಕ್ಕಳಿಂದಲೇ ಲೆಕ್ಕ ಮಾಡಿಸಿದರೆ, ಅಳತೆಯಲ್ಲಿ ಎಚ್ಚರ ಏಕೆ ಬೇಕೆಂಬುದು ಬೈಯದೆ ಅರ್ಥವಾಗುತ್ತದೆ. ನೀರಿನ ಆಳ ಹೆಚ್ಚಿದಷ್ಟೂ ಅದೇ ಎರಡು ಮಿಲಿಮೀಟರಿನ ತಪ್ಪಿಗೆ ಬೆಲೆ ಕಡಿಮೆಯಾಗುವುದರಿಂದ, ತಗ್ಗು ಬಟ್ಟಲಿಗಿಂತ ಎತ್ತರದ ಡಬ್ಬಿ ಮೇಲು. ಇನ್ನೊಂದು ಮಾತು: ಓರೆಯಾಗಿ ನೋಡಿದರೆ ನಾಣ್ಯ ಇನ್ನೂ ಮೇಲೆದ್ದಂತೆ ಕಾಣುತ್ತದೆ, ಮುಕ್ಕಾಲು ಪಾಲಿನ ಲೆಕ್ಕ ಆಗ ಹೊಂದುವುದಿಲ್ಲ. ಉತ್ತರ 1.4 ದಾಟಿ ಬರುತ್ತಿದ್ದರೆ ನೀವು ನೇರ ಮೇಲಿನಿಂದ ನೋಡುತ್ತಿಲ್ಲವೇನೋ ಎಂದು ಮೊದಲು ಪರೀಕ್ಷಿಸಿಕೊಳ್ಳಿ.

ಕಿರಣದ ದಾರಿಯನ್ನು ಕಾಗದದ ಮೇಲೆ ಗುರುತಿಸುವುದು

ಆಳದ ಅಳತೆಯಲ್ಲಿ ಬೆಳಕು ಬಾಗಿದ್ದನ್ನು ನಾವು ಊಹಿಸಿದೆವು. ಅದನ್ನು ಕಣ್ಣಾರೆ ಕಾಣಲು ಪಕ್ಕಗಳು ನೆಟ್ಟಗಿರುವ, ಆಯತಾಕಾರದ, ತೆಳು ಗೋಡೆಯ ಪಾರದರ್ಶಕ ಡಬ್ಬಿಯೊಂದು ಬೇಕು. ಮಿಠಾಯಿ ಅಂಗಡಿಯ ಡಬ್ಬಿಗಳಲ್ಲಿ ಬಹಳಷ್ಟು ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿರುತ್ತವೆ, ಅಂಥವು ಈ ಕೆಲಸಕ್ಕೆ ಬಾರವು; ಮೇಜಿನ ಮೇಲಿಟ್ಟು ಪಕ್ಕಕ್ಕೆ ಪುಸ್ತಕವನ್ನು ಒತ್ತಿ ನಿಲ್ಲಿಸಿ, ಸಂದಿಲ್ಲದೆ ಕೂತರೆ ಮಾತ್ರ ಆರಿಸಿಕೊಳ್ಳಿ. ಬಿಳಿ ಹಾಳೆಯ ಮೇಲೆ ಡಬ್ಬಿಯನ್ನಿಟ್ಟು, ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದು, ಮುಕ್ಕಾಲು ಭಾಗ ನೀರು ತುಂಬಬೇಕು. ದಪ್ಪ ರಟ್ಟಿನ ಕೆಳ ಅಂಚಿನಲ್ಲಿ ಒಂದು ಮಿಲಿಮೀಟರ್ ಅಗಲದ, ಎರಡು ಬೆರಳು ಎತ್ತರದ ಸೀಳು ಮಾಡಿ, ಅದನ್ನು ಹಾಳೆಯ ಮೇಲೆ ಲಂಬವಾಗಿ ನಿಲ್ಲಿಸಿ, ಹಿಂದೆ ಎರಡು ಅಡಿ ದೂರದಲ್ಲಿ ಮೊಬೈಲಿನ ಟಾರ್ಚ್ ಉರಿಸಿ ಕೋಣೆಯನ್ನು ಕತ್ತಲು ಮಾಡಿದರೆ, ಹಾಳೆಯ ಮೇಲೆ ಬೆಳಕಿನ ತೆಳುವಾದ ಪಟ್ಟಿಯೊಂದು ಹರಿದಂತೆ ಕಾಣುತ್ತದೆ. ಲೇಸರ್ ಪಾಯಿಂಟರ್ ಬಳಸಿದರೆ ಗೆರೆ ಇನ್ನೂ ಚೂಪಾಗುವುದು ನಿಜ. ಆದರೆ ನೀರಿನ ಮೇಲ್ಮೈಯಿಂದಲೂ ಡಬ್ಬಿಯ ಗೋಡೆಯಿಂದಲೂ ಅದು ಪ್ರತಿಫಲಿಸಿ ಕಣ್ಣಿಗೆ ಬೀಳುವ ಸಂಭವವಿರುವುದರಿಂದ ಮಕ್ಕಳ ಕೈಗೆ ಅದನ್ನು ಕೊಡಲೇಬಾರದು.

ಪಟ್ಟಿಯು ಡಬ್ಬಿಯ ಉದ್ದನೆಯ ಗೋಡೆಗೆ ಓರೆಯಾಗಿ ಬೀಳುವಂತೆ ರಟ್ಟನ್ನೂ ಟಾರ್ಚನ್ನೂ ಹೊಂದಿಸಿ. ಒಳಹೋಗುವ ಕಿರಣದ ಮೇಲೆ ಎರಡು ಚುಕ್ಕಿ, ಅದು ಗೋಡೆಯನ್ನು ಮುಟ್ಟಿದಲ್ಲಿ ಒಂದು ಚುಕ್ಕಿ, ಎದುರಿನ ಗೋಡೆಯಿಂದ ಹೊರಬಂದಲ್ಲಿ ಒಂದು ಚುಕ್ಕಿ, ಹೊರಬಂದ ಕಿರಣದ ಮೇಲೆ ಮತ್ತೆರಡು ಚುಕ್ಕಿ ಇಟ್ಟು ಡಬ್ಬಿಯನ್ನು ಎತ್ತಿಬಿಡಿ. ಗೋಡೆಗಳ ಮೇಲಿನ ಎರಡು ಚುಕ್ಕಿಗಳನ್ನು ಸೇರಿಸುವ ಗೆರೆಯೇ ನೀರಿನೊಳಗೆ ಬೆಳಕು ಹಿಡಿದ ದಾರಿ. ಒಳಹೋಗುವಾಗ ಅದು ಗೋಡೆಗೆ ಎಳೆದ ಲಂಬದ ಕಡೆಗೆ ಬಾಗಿರುತ್ತದೆ, ಹೊರಬರುವಾಗ ಅಷ್ಟೇ ಪ್ರಮಾಣದಲ್ಲಿ ಲಂಬದಿಂದ ದೂರಕ್ಕೆ ಬಾಗಿ, ಮೊದಲಿನ ಕಿರಣಕ್ಕೆ ಸಮಾಂತರವಾಗಿ, ಆದರೆ ತುಸು ಪಕ್ಕಕ್ಕೆ ಸರಿದು ಹೊರಡುತ್ತದೆ. ಸಮಾಂತರವಾಗಿಲ್ಲದಿದ್ದರೆ ಡಬ್ಬಿಯ ಗೋಡೆಗಳು ಸಮನಾಗಿಲ್ಲ, ಅಥವಾ ಚುಕ್ಕಿ ಇಡುವಾಗ ಡಬ್ಬಿ ಅಲುಗಿದೆ. ನೀರಿಗೆ ನಾಲ್ಕೈದು ಹನಿ ಹಾಲು ಬೆರೆಸಿದರೆ ಒಳಗಿನ ದಾರಿಯೂ ಹೊಳೆಯುತ್ತದೆ. ನೋಡಲು ಬಹಳ ಚೆಂದ, ಆದರೆ ಅಳತೆಗೆ ಅದರ ಅಗತ್ಯವಿಲ್ಲ.

ಇಲ್ಲಿ ಕೋನಮಾಪಕವನ್ನೂ ಕ್ಯಾಲ್ಕುಲೇಟರನ್ನೂ ಬದಿಗಿಟ್ಟು ಕೈವಾರದಿಂದಲೇ ಉತ್ತರ ಪಡೆಯುವ ಒಂದು ದಾರಿಯಿದೆ, ನನಗೆ ಅದೇ ಹೆಚ್ಚು ಇಷ್ಟ. ಕಿರಣ ಒಳಹೊಕ್ಕ ಚುಕ್ಕಿಯನ್ನು ಕೇಂದ್ರವಾಗಿಟ್ಟುಕೊಂಡು 8 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಅದೇ ಚುಕ್ಕಿಯ ಮೂಲಕ ಗೋಡೆಗೆ ಲಂಬವಾದ ಗೆರೆಯನ್ನೂ ಎಳೆಯಿರಿ. ಹೊರಗಿನ ಕಿರಣ ವೃತ್ತವನ್ನು ಕಡಿಯುವ ಬಿಂದುವಿನಿಂದ ಲಂಬಕ್ಕೆ ಇರುವ ಅತಿ ಹತ್ತಿರದ ದೂರವನ್ನೂ, ಒಳಗಿನ ಕಿರಣವನ್ನು ಅಗತ್ಯವಿದ್ದರೆ ವೃತ್ತದವರೆಗೆ ಮುಂದಕ್ಕೆಳೆದು ಅಲ್ಲಿಂದ ಲಂಬಕ್ಕೆ ಇರುವ ದೂರವನ್ನೂ ಅಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಕಿರಣ 45 ಡಿಗ್ರಿ ಓರೆಯಾಗಿ ಬಿದ್ದಿದ್ದರೆ ಮೊದಲ ದೂರ 5.66 ಸೆಂಟಿಮೀಟರ್, ಎರಡನೆಯದು 4.25ರ ಆಸುಪಾಸಿನಲ್ಲಿ ಬರುತ್ತದೆ, ಭಾಗಲಬ್ಧ ಮತ್ತೆ 1.33. ವೃತ್ತದ ಎರಡು ಬಿಂದುಗಳನ್ನು ಸೇರಿಸುವ ನೇರ ಗೆರೆಗೆ ಜ್ಯಾ ಎಂದು ಹೆಸರು; ನಾವು ಅಳೆದ ಈ ದೂರಗಳು ಅರ್ಧ ಜ್ಯಾಗಳು, ಅಂದರೆ ಆರ್ಯಭಟನು ಪಟ್ಟಿಮಾಡಿಕೊಟ್ಟ ಅದೇ ಪ್ರಮಾಣ. ಸಂಸ್ಕೃತದ ಜ್ಯಾ, ಜೀವಾ ಎಂಬ ಮಾತೇ ಅರಬ್ಬಿಯ ಮೂಲಕ ಲ್ಯಾಟಿನ್ನಿಗೆ ಹೋಗಿ, ಅರ್ಥ ತಪ್ಪಿ ಅನುವಾದಗೊಂಡು, ಇಂದು ಸೈನ್ ಎಂಬ ಹೆಸರಿನಲ್ಲಿ ನಮ್ಮ ಗಣಿತ ಪಠ್ಯಕ್ಕೆ ಮರಳಿ ಬಂದಿದೆ.

ಓರೆಯನ್ನು ಬದಲಿಸಿ ಇನ್ನೂ ನಾಲ್ಕು ಸಲ ಮಾಡಿ. ಕಿರಣ ಲಂಬಕ್ಕೆ 30 ಡಿಗ್ರಿ ಓರೆಯಾಗಿ ಬಿದ್ದರೆ ನೀರಿನೊಳಗೆ ಅದು 22 ಡಿಗ್ರಿಯ ಹತ್ತಿರ ಸಾಗುತ್ತದೆ, 60ರಲ್ಲಿ ಬಿದ್ದರೆ 40.5ರ ಹತ್ತಿರ. ಕೋನಗಳ ಅನುಪಾತ ಪ್ರತಿ ಸಲವೂ ಬೇರೆಯಾಗುತ್ತದೆ, ಅರ್ಧ ಜ್ಯಾಗಳ ಅನುಪಾತ ಮಾತ್ರ ಅಲುಗುವುದಿಲ್ಲ. ಈ ನಿಯಮವನ್ನು ಬಾಗ್ದಾದಿನ ಇಬ್ನ್ ಸಹ್ಲ್ 984ರಲ್ಲಿಯೇ ರೇಖಾಗಣಿತದ ರೂಪದಲ್ಲಿ ಬಳಸಿದ್ದನು. ಯೂರೋಪಿನಲ್ಲಿ ಡಚ್ ಗಣಿತಜ್ಞ ಸ್ನೆಲ್ 1621ರಲ್ಲಿ ಅದನ್ನು ಕಂಡುಕೊಂಡನು, 1637ರಲ್ಲಿ ದೆಕಾರ್ತ್ ಅಚ್ಚುಹಾಕಿಸಿದನು.

ಇವರೆಲ್ಲರಿಗಿಂತ ಬಹಳ ಹಿಂದೆ, ಎರಡನೆಯ ಶತಮಾನದಲ್ಲಿ, ಅಲೆಕ್ಸಾಂಡ್ರಿಯದ ಟಾಲೆಮಿ ನಾಣ್ಯ ಮೇಲೇಳುವುದನ್ನು ವಿವರಿಸಿ, ಹತ್ತು ಹತ್ತು ಡಿಗ್ರಿಗೊಮ್ಮೆ ನೀರಿನೊಳಗಿನ ಕೋನವನ್ನೂ ಪಟ್ಟಿ ಮಾಡಿದ್ದನು: 8, 15.5, 22.5, 29, 35, 40.5, 45.5, 50. ನಡುವಿನ ಸಂಖ್ಯೆಗಳು ಆಶ್ಚರ್ಯವಾಗುವಷ್ಟು ಸರಿಯಾಗಿವೆ. ಆದರೆ ಒಂದರಿಂದ ಒಂದನ್ನು ಕಳೆಯುತ್ತ ಹೋಗಿ ನೋಡಿ: 8ರಿಂದ ಹೊರಟ ವ್ಯತ್ಯಾಸ ಪ್ರತಿ ಸಲವೂ ತಪ್ಪದೆ ಅರ್ಧ ಡಿಗ್ರಿಯಷ್ಟೇ ಇಳಿಯುತ್ತದೆ. ಕೈಯಿಂದ ಮಾಡಿದ ಅಳತೆ ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಅಳೆದದ್ದನ್ನು ಅವನು ತನಗೆ ಸರಿಕಂಡ ನಿಯಮಕ್ಕೆ ಹೊಂದಿಸಿಕೊಂಡಿರಬೇಕು. 80 ಡಿಗ್ರಿಗೆ ನಿಜವಾಗಿ ಬರಬೇಕಾದದ್ದು 47.6ರ ಸುಮಾರು, ಅವನ ಪಟ್ಟಿಯಲ್ಲಿರುವುದು 50. ನಿಮ್ಮ ಮನೆಯ ಮಕ್ಕಳು 1.29 ಎಂದೋ 1.38 ಎಂದೋ ಬರೆದು, ಪುಸ್ತಕ ನೋಡಿ ಅದನ್ನು ಅಳಿಸಲು ಹೊರಟಾಗ ಈ ಪಟ್ಟಿಯನ್ನು ಅವರ ಮುಂದಿಡಿ. ಬಂದದ್ದನ್ನು ಬಂದ ಹಾಗೆಯೇ ಬರೆದಿಟ್ಟುಕೊಂಡು ತಪ್ಪು ಎಲ್ಲಿ ಹೊಕ್ಕಿತೆಂದು ಹುಡುಕುವ ಹುಡುಗ, ಸರಿಯುತ್ತರವನ್ನು ತುಂಬಿದವನಿಗಿಂತ ಹೆಚ್ಚು ಕಲಿತಿರುತ್ತಾನೆ.

ಬಾಗುವುದು ಏಕೆ?

ಶೂನ್ಯದಲ್ಲಿ ಬೆಳಕು ಸೆಕೆಂಡಿಗೆ 2,99,792 ಕಿಲೋಮೀಟರ್ ಸಾಗುತ್ತದೆ, ಗಾಳಿಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ನೀರಿನಲ್ಲಿ ಅದು ಸುಮಾರು 2,25,000 ಕಿಲೋಮೀಟರಿಗೆ ಇಳಿಯುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೂ ಬರುವುದು ಅದೇ 1.33. ಕೇರಂ ಬಿಲ್ಲೆ ಪೇರಿಸಿ ನಾವು ಪಡೆದ ಸಂಖ್ಯೆ ಬೆಳಕಿನ ವೇಗದ ಅನುಪಾತವೂ ಹೌದು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ವೇಗ ತಗ್ಗಿದರೆ ದಾರಿ ಏಕೆ ಬಾಗಬೇಕು ಎಂಬುದಕ್ಕೆ ಕೆಸರುಗದ್ದೆಯನ್ನು ನೆನೆಸಿಕೊಳ್ಳಬಹುದು. ಹತ್ತು ಜನ ಕೈ ಕೈ ಹಿಡಿದು ಸಾಲಾಗಿ, ಗಟ್ಟಿ ನೆಲದಿಂದ ಗದ್ದೆಯ ಕಡೆಗೆ ಓರೆಯಾಗಿ ನಡೆದು ಬರುತ್ತಿದ್ದಾರೆ. ಒಂದು ತುದಿಯವರು ಮೊದಲು ಕೆಸರಿಗೆ ಇಳಿದು ನಿಧಾನವಾಗುತ್ತಾರೆ, ಇನ್ನೊಂದು ತುದಿಯವರು ಇನ್ನೂ ಗಟ್ಟಿ ನೆಲದಲ್ಲಿ ಮೊದಲಿನ ವೇಗದಲ್ಲೇ ಇರುತ್ತಾರೆ. ಕೈ ಬಿಡದೆ ನಡೆದರೆ ಸಾಲು ತಾನಾಗಿ ತಿರುಗುತ್ತದೆ, ನಡೆಯುವ ದಿಕ್ಕೂ ಬದಲಾಗುತ್ತದೆ. ಎಲ್ಲರೂ ಒಟ್ಟಿಗೆ ನೇರವಾಗಿ ಇಳಿದರೆ ನಡಿಗೆ ನಿಧಾನವಾಗುತ್ತದೆಯೇ ಹೊರತು ಸಾಲು ತಿರುಗುವುದಿಲ್ಲ. ಟಾರ್ಚಿನ ಕಿರಣ ಡಬ್ಬಿಯ ಗೋಡೆಗೆ ಲಂಬವಾಗಿ ಬೀಳುವಂತೆ ಮಾಡಿ ಇದನ್ನು ಪರೀಕ್ಷಿಸಬಹುದು, ಕಿರಣ ಬಾಗದೆ ನೆಟ್ಟಗೆ ಹೋಗುತ್ತದೆ. ಬೆಳಕು ನೀರಿನಲ್ಲಿ ನಿಧಾನವಾಗುತ್ತದೆ ಎಂಬುದು ಬಹುಕಾಲ ವಾದದ ವಿಷಯವಾಗಿತ್ತು. ಬೆಳಕು ಕಣಗಳ ಹರಿವು ಎಂದು ನಂಬಿದ್ದ ನ್ಯೂಟನ್ನನ ಪ್ರಕಾರ ನೀರು ಅದನ್ನು ಸೆಳೆಯುವುದರಿಂದ ವೇಗ ಹೆಚ್ಚಬೇಕಿತ್ತು. ಕಿರಣ ಲಂಬದ ಕಡೆಗೆ ಬಾಗುವುದನ್ನು ಎರಡು ವಾದಗಳೂ ವಿವರಿಸುತ್ತಿದ್ದುದರಿಂದ ಬಾಗುವಿಕೆಯನ್ನು ಅಳೆದು ತೀರ್ಪು ಕೊಡುವಂತಿರಲಿಲ್ಲ. 1850ರಲ್ಲಿ ಫ್ರಾನ್ಸಿನ ಫೂಕೋ ತಿರುಗುವ ಕನ್ನಡಿಯ ನೆರವಿನಿಂದ, ನೀರಿನಲ್ಲಿ ಬೆಳಕಿನ ವೇಗ ಕಡಿಮೆ ಎಂಬುದನ್ನು ತೋರಿಸಿದ ಮೇಲೆ ಆ ವಾದ ಬಗೆಹರಿಯಿತು.

ನೀರಿನ ಬದಲು ಸಕ್ಕರೆ ಪಾಕ

ಎರಡು ಡಬ್ಬಿಗಳ ಪ್ರಯೋಗ ಕೈಗೆ ಹತ್ತಿದ ಮೇಲೆ ನೀರಿನ ಜಾಗದಲ್ಲಿ ಪಾಕವನ್ನಿಟ್ಟು ನೋಡಬೇಕು. ಅರ್ಧ ಕಿಲೋ ಸಕ್ಕರೆಯನ್ನು ಅರ್ಧ ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿದರೆ ಸುಮಾರು 0.8 ಲೀಟರ್ ಪಾಕವಾಗುತ್ತದೆ, ಒಂಬತ್ತು ಸೆಂಟಿಮೀಟರ್ ಅಗಲದ ಡಬ್ಬಿಗೆ ಅದು ಸಾಕು. ನಾಣ್ಯಗಳ ಬದಲು ಚೆನ್ನಾಗಿ ತೊಳೆದ, ಒಂದೇ ಬಗೆಯ ಎರಡು ಸಣ್ಣ ಸ್ಟೀಲ್ ಮುಚ್ಚಳಗಳನ್ನು ಇಟ್ಟರೆ ಪಾಕ ಆಮೇಲೆ ಪಾನಕಕ್ಕೆ ಒದಗುತ್ತದೆ. ಸಕ್ಕರೆ ಕರಗುತ್ತಿರುವಾಗ ನೀರಿನಲ್ಲಿ ನಡುಗುವ ದಾರದಂಥ ಎಳೆಗಳು ಕಾಣುವುದನ್ನು ಗಮನಿಸಿ. ದಟ್ಟವಾದ ಮತ್ತು ತೆಳುವಾದ ದ್ರವದ ನಡುವೆ ಬೆಳಕು ಬಾಗುವುದೇ ಆ ಎಳೆಗಳಿಗೆ ಕಾರಣ. ಅವು ಮಾಯವಾಗಿ, ಪಾಕ ಪೂರ್ತಿ ತಣ್ಣಗಾಗುವವರೆಗೆ ಕಾಯದೆ ಅಳೆದರೆ ತಳ ಮಂಜುಮಂಜಾಗಿ ಕಾಣುತ್ತದೆ.

ಈ ಪಾಕದ ಸೂಚ್ಯಂಕ 1.42. 12 ಸೆಂಟಿಮೀಟರ್ ಆಳಕ್ಕೆ ತೋರಿಕೆಯ ಆಳ 8.5 ಸೆಂಟಿಮೀಟರಿನ ಹತ್ತಿರ ಬರಬೇಕು. ಅಂದರೆ ನೀರಿಗಿಂತ ಅರ್ಧ ಸೆಂಟಿಮೀಟರ್ ಹೆಚ್ಚಾಗಿ ಪೇರಿಸಬೇಕಾಗುತ್ತದೆ, ಎಚ್ಚರದಿಂದ ನೋಡಿದ ಕಣ್ಣಿಗೆ ಈ ವ್ಯತ್ಯಾಸ ಸಿಕ್ಕೇ ಸಿಗುತ್ತದೆ. ಸಕ್ಕರೆಯನ್ನು ಅರ್ಧಕ್ಕಿಳಿಸಿ ಮತ್ತೊಮ್ಮೆ ಮಾಡಿ, ಮೂರು ಉತ್ತರಗಳನ್ನೂ ಗ್ರಾಫ್ ಹಾಳೆಯ ಮೇಲೆ ಗುರುತಿಸಿಟ್ಟುಕೊಂಡರೆ, ಎಷ್ಟು ಸಕ್ಕರೆ ಹಾಕಿದ್ದಾರೆಂದು ತಿಳಿಯದ ಇನ್ನೊಂದು ಪಾಕವನ್ನು ಬರಿಯ ಆಳ ಅಳೆದೇ ಅಂದಾಜು ಮಾಡಬಹುದು. ಕಬ್ಬು ಬೆಳೆಯುವ ಊರುಗಳಲ್ಲಿ ಸಕ್ಕರೆ ಕಾರ್ಖಾನೆಯ ಸಿಬ್ಬಂದಿ ಕಬ್ಬಿನ ರಸದ ಹನಿಯನ್ನು ಕೈಯಲ್ಲಿ ಹಿಡಿಯುವ ಚಿಕ್ಕ ಉಪಕರಣದ ಗಾಜಿನ ಮೇಲೆ ಬಿಟ್ಟು, ಬೆಳಕಿಗೆ ಹಿಡಿದು, ಬ್ರಿಕ್ಸ್, ಅಂದರೆ ನೂರು ಪಾಲು ರಸದಲ್ಲಿ ಸಕ್ಕರೆಯ ಪಾಲು, ಎಷ್ಟೆಂದು ಓದುವುದನ್ನು ನೀವು ನೋಡಿರಬಹುದು. ಆ ರಸದಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನೇ ಅವರೂ ಅಳೆಯುತ್ತಿರುತ್ತಾರೆ. ನೂರರಲ್ಲಿ ಇಪ್ಪತ್ತು ಪಾಲು ಸಕ್ಕರೆಯಿರುವ ದ್ರಾವಣಕ್ಕೆ ಸೂಚ್ಯಂಕ 1.364.